ಚಾಂದಮಾರಿಯ ಸೀಸ ಸಿಡಿದ ಪ್ರಕರಣ

ಗುರುಬಾಯಿ ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದ ಹೊತ್ತಿಗೆ ನಾನು ಒಬ್ಬ ಗಿರಾಕಿಗೆ, ನಮ್ಮ ಚಾದರ ಹೊದ್ದು ಮಲಗಿದ್ದ ಮನುಷ್ಯನೊಬ್ಬ ಹೋಟಗಿ ಸ್ಟೇಶನ್ನಿನಲ್ಲಿ ರೈಲಿನಿಂದ ಕೆಳಗೆ ಬಿದ್ದರೂ ನಿದ್ದೆಯಿಂದ ಏಳದೇ ಇದ್ದ ಸಂಗತಿಯನ್ನು ವಿವರಿಸುತ್ತಿದ್ದೆ. ಸಂಗತಿ ಪೂರ್ತಿ ನಿಜ. ರೈಲು ನಿಂತಿತ್ತು ಎಂಬುದನ್ನು ಹೇಳುವ ಅಗತ್ಯ ನನಗೆ ಕಂಡಿರಲಿಲ್ಲ.

ಬಂದವಳು ಚಾದರಗಳ ಕಡೆ ನೋಡಲಿಲ್ಲ. ನೇರವಾಗಿ ಹೋಗಿ ವೈನಿಯ ಮುಂದೆ ಕುಳಿತಳು. ನಲವತ್ತರ ಹೆಂಗಸು, ಬಿಸಿಲಿಗೆ ಸುಟ್ಟ ಮುಖ, ಹಣೆಯ ತುಂಬ ಭಂಡಾರ. ಮೈಲಾರನ ಒಕ್ಕಲಿನವರು ಹಚ್ಚಿಕೊಳ್ಳುವ ಅರಿಷಿಣವನ್ನು ನಮ್ಮ ಕಡೆ ಭಂಡಾರ ಎನ್ನುತ್ತಾರೆ.

"ಉಮಾಬಾಯಿ ಅಂದ್ರ ನೀವೇ ಏನ್ರಿ?"

"ನಾನೇ. ಮೊದಲು ನೀರು ಕುಡಿ, ಆಮ್ಯಾಲ ಹೇಳು."

"ನೀರು ಆಮ್ಯಾಲ ಕುಡೀತೀನ್ರಿ ಅವ್ವಾರ. ಅಕ್ಕಲಕೋಟಿ ಫೌಜದಾರರು ಸೋಮವಾರದೊಳಗ ಕಾಗದಕ್ಕ ಹೆಬ್ಬೆಟ್ಟು ಒತ್ತು ಅಂದಾರ. ಇಲ್ಲಾಂದ್ರ ಬೇಡಿ ಹಾಕ್ತಾರಂತ. ಒತ್ತಂಗಿಲ್ಲ ಅಂತ ಹೇಳಿ ಬಂದೀನಿ."

"ಚಲೋ ಮಾಡಿದಿ. ಈಗ ನೀರು ಕುಡಿ," ಎಂದಳು ವೈನಿ.

ವೈನಿ ಅಂದರೆ ನನ್ನ ತೀರಿಹೋದ ಅಣ್ಣನ ಹೆಂಡತಿ. ಸೊಲ್ಲಾಪುರದ ಚಾಟಿ ಗಲ್ಲಿಯ ಅಂಗಡಿ ಅವಳದು. ನಾನು, ಶಾಂತಪ್ಪ, ಅಂಗಡಿಯಲ್ಲಿ ಮಾತಾಡುವ ಕೆಲಸ ನೋಡಿಕೊಳ್ಳುತ್ತೇನೆ. ಉಳಿದ ಕೆಲಸವೆಲ್ಲ ಅವಳದೇ. ಊರಿನಲ್ಲಿ ಯಾರ ಮನೆಯಲ್ಲಿ ಏನು ಕಳವಾದರೂ ಜನ ಮೊದಲು ನಮ್ಮ ಅಂಗಡಿಗೆ ಬರುತ್ತಿದ್ದರು, ಪೊಲೀಸ್ ಚೌಕಿಗೆ ಆಮೇಲೆ. ಕೆಲವು ಸಲ ಚೌಕಿಯವರೇ ಮೊದಲು ಬರುತ್ತಿದ್ದರು, ಚಾದರ ಕೊಳ್ಳುವ ನೆಪ ಮಾಡಿಕೊಂಡು.

ಗುರುಬಾಯಿ ಹೇಳಿದ್ದು ಇಷ್ಟು. ಅಕ್ಕಲಕೋಟೆಯ ಹೊರಗೆ ಸಂಸ್ಥಾನದ ಕಾಲದ ಚಾಂದಮಾರಿ ಇದೆ. ಸಿಪಾಯಿಗಳು ಒಂದು ಕಟ್ಟೆಯ ಮೇಲೆ ಬೋರಲಾಗಿ ಮಲಗಿ, ದೂರದ ಮಣ್ಣಿನ ದಿಬ್ಬಕ್ಕೆ ಗುಂಡು ಹೊಡೆದು ಕೈ ಪಳಗಿಸಿಕೊಳ್ಳುತ್ತಿದ್ದ ಬಯಲು ಅದು. ಸಂಸ್ಥಾನ ವಿಲೀನವಾಯಿತು, ಸಿಪಾಯಿಗಳು ಮನೆಗೆ ಹೋದರು, ಗುಂಡುಗಳು ಮಾತ್ರ ದಿಬ್ಬದಲ್ಲೇ ಉಳಿದವು. ಆ ವರ್ಷ, ಅಂದರೆ ಐವತ್ತೆಂಟರಲ್ಲಿ, ಸೇರು ಹೋಗಿ ಕಿಲೋ ಬರುವುದಿತ್ತು. ಕಬ್ಬಿಣದ ಹೊಸ ತೂಕಗಳ ತಳದ ತೂತಿಗೆ ತುಂಬಲು ಸೀಸ ಬೇಕು. ಸೀಸಕ್ಕೆ ಎಲ್ಲಿಲ್ಲದ ಬೆಲೆ ಬಂತು. ಸೊಲ್ಲಾಪುರದ ವ್ಯಾಪಾರಿ ಮಲಕಾಜಪ್ಪ ಚಾಂದಮಾರಿಯ ದಿಬ್ಬವನ್ನು ಗುತ್ತಿಗೆ ಹಿಡಿದ.

ದಿಬ್ಬ ಅಗೆದು, ಮಣ್ಣು ಜರಡಿ ಹಿಡಿದು, ಸೀಸ ಹಸನು ಮಾಡುವ ಕೆಲಸಕ್ಕೆ ನಾಗಣಸೂರಿನ ಕುರುಬರ ಹೆಂಗಸರು ಬಂದರು. ಗುರುಬಾಯಿ ಅವರ ಮುಂದಾಳು. ಸೀಸ ಕರಗಿಸುವ ಭಟ್ಟಿಯ ಮುಂದೆ ನಿಂತವನು ಅವಳ ಸ್ವಂತ ತಮ್ಮ ಅಮೋಗಸಿದ್ಧ. ಹೋದ ವಾರ ಭಟ್ಟಿಯ ಮೇಲಿದ್ದ ಕಡಾಯಿ ಸಿಡಿದು, ಕುದಿಯುವ ಸೀಸ ಅವನ ಮುಖಕ್ಕೆ ಹಾರಿತು. ಒಂದು ಕಣ್ಣು ಹೋಯಿತು, ಇನ್ನೊಂದರ ಮಾತು ಡಾಕ್ಟರು ಇನ್ನೂ ಆಡಿರಲಿಲ್ಲ.

"ಅವತ್ತೇ ಬೂದಿಯೊಳಗ ಒಂದು ಕಾಡತೂಸು ಸಿಕ್ತಂತ್ರಿ ಪೊಲೀಸರಿಗಿ. ಜೀವಂತ ಕಾಡತೂಸು ಸೀಸದಾಗ ಬಿಟ್ಟಿದ್ದಿ, ಅದ ಹಾರ್ಯದ, ತಪ್ಪಾತು ಅಂತ ಹೆಬ್ಬೆಟ್ಟು ಒತ್ತು ಅಂತಾರ. ಪೊಲೀಸಪ್ಪ ನನ್ನ ಹಾಡ್ಹಗಲಿ ಬಜಾರದಾಗ ನಡಿಸಿಕೊಂಡು ಒಯ್ದ. ಅಂಗಡಿಯವ್ರು ಎದ್ದು ನಿಂತು ನೋಡಿದ್ರು. ತಮ್ಮನ ಕಣ್ಣು ಕಳದಾಕಿ ಅಂದ್ರು." ಅವಳು ಲೋಟ ಕೆಳಗಿಟ್ಟಳು. "ಜೇಲಿಗಿ ನಾ ಅಂಜಂಗಿಲ್ರಿ. ಈ ಹೆಸರು ಹೊತ್ಕೊಂಡು ಮಾತ್ರ ನಾಗಣಸೂರಿಗಿ ಹೋಗಂಗಿಲ್ಲ."

ವೈನಿ ಒಂದು ಚಾದರವನ್ನು ಬಿಚ್ಚಿ ಮತ್ತೆ ಮಡಿಸಿದಳು. ಯೋಚಿಸುವಾಗ ಅವಳು ಹಾಗೇ ಮಾಡುತ್ತಿದ್ದಳು. ಗಿರಾಕಿ ತನಗೇ ತೋರಿಸುತ್ತಿದ್ದಾಳೆಂದು ಕೈ ಚಾಚಿದ, ಆಮೇಲೆ ಹಿಂದಕ್ಕೆ ತೆಗೆದುಕೊಂಡ.

"ಸೀಸ ಆರಿಸುವಾಗ ಏನೇನು ಸಿಗ್ತದ ನಿಮಗ?"

"ಕಲ್ಲು, ಬೇರು, ಗುಂಡಿನ ಮ್ಯಾಲಿನ ತಾಮ್ರದ ಸಿಪ್ಪಿ. ಗುರಿ ಹಲಗಿಯ ಮೊಳಿ. ಒಮ್ಮೊಮ್ಮಿ ಹಾವಿನ ಪೊರಿ."

"ಕಾಡತೂಸು?"

"ದಿಬ್ಬದಾಗ? ಎಂದೂ ಇಲ್ರಿ."

ವೈನಿ ಚಾದರ ಕೆಳಗಿಟ್ಟಳು. "ಶಾಂತಪ್ಪ, ಅಂಗಡಿ ಮುಚ್ಚು. ಎಸ್.ಟಿ. ಎಷ್ಟೊತ್ತಿಗದ ನೋಡು."

ಬಸ್ಸು ವಳಸಂಗದಲ್ಲಿ ನಿಂತಾಗ ಗುರುಬಾಯಿ ರಸ್ತೆಯ ಪಕ್ಕದ ಒಂದು ಹೊಲ ತೋರಿಸಿದಳು. "ಇದು ನಮ್ಮ ಮಾಲಕರ ಹೊಲ್ರಿ. ಬೇವಿನ ಗಿಡದ ಹಿಂದ ಕಾಣ್ತದಲ್ಲ, ಅದು ಅವರ ಕೊಟಗಿ." ವೈನಿ ನೋಡಿದಳು. ನಾನೂ ನೋಡಿದೆ. ನನಗೆ ಬೇವಿನ ಗಿಡ ಕಂಡಿತು.

ಅಕ್ಕಲಕೋಟೆಯಲ್ಲಿ ಇಳಿದವರೇ ಮೊದಲು ದವಾಖಾನೆಗೆ ಹೋದೆವು. ಅಮೋಗಸಿದ್ಧನ ಮುಖದ ಅರ್ಧ ಭಾಗ ಪಟ್ಟಿಯಲ್ಲಿತ್ತು. ಉಳಿದ ಅರ್ಧದಲ್ಲಿ ನಗುವಷ್ಟು ಜಾಗ ಇಟ್ಟುಕೊಂಡಿದ್ದ.

"ಅಕ್ಕ ಬಂದ್ಲೇನು? ಬಂದಿಯಲ್ಲ, ಆ ಪೊಲೀಸನಿಗಿ ಹೇಳು. ನಾ ಫಿರ್ಯಾದಿ ಕೊಟ್ಟಿಲ್ಲ, ಕೊಡಂಗೂ ಇಲ್ಲ."

"ನೀ ಅವತ್ತು ಏನು ಮಾಡ್ದಿ, ನನಗ ಹೇಳು ತಮ್ಮಾ," ಎಂದಳು ವೈನಿ.

"ಏನಿಲ್ರಿ. ಕಡಾಯಿದಾಗ ಸೀಸ ಕರಗಿತ್ತು. ಹೊಸ ಚೀಲ ತೆಗೆದು ಬಾಯಿಕಡಿಂದು ಸ್ವಲ್ಪ ಸ್ವಲ್ಪ ಹಾಕಿದೆ. ನೀಟಾಗಿ ಕರಗ್ತು. ಕಡೀಕ ಚೀಲ ಎತ್ತಿ ತಳ ಝಾಡಿಸಿದೆ. ತಳದಾಗಿಂದು ಗಡ್ಡಿಗಟ್ಟಿ ಒಮ್ಮಿಲೆ ಬಿತ್ತು. ಕಾದ ಹಂಚಿಗಿ ನೀರು ಚಿಮುಕಿಸಿದ್ರ ಚೊಂಯ್ ಅಂತದಲ್ರಿ, ಹಂಗ ಅಂತು. ಅಂದಿದ್ದೇ ತಡ, ಭಟ್ಟಿ ಎದ್ದು ನನ್ನ ಮುಖಕ್ಕ ಬಂತು."

"ಮೊದಲು ಚೊಂಯ್, ಆಮ್ಯಾಲ ಸಿಡಿತು?"

"ಹೌದ್ರಿ. ಅದು ಕೇಳಿದ್ದಕ್ಕ ಮುಖ ತಿರುವಿದೆ. ಇಲ್ಲಾಂದ್ರ ಈಗ ನಿಮ್ಮ ಜೋಡಿ ಯಾರು ಮಾತಾಡ್ತಿದ್ರು?"

ಅಲ್ಲಿಂದ ಚೌಕಿಗೆ ಹೋದೆವು. ಫೌಜದಾರರು ಪುಣೆಯ ಕಡೆಯವರು. ಕನ್ನಡ ಚೆನ್ನಾಗಿ ಬರುತ್ತಿತ್ತು, ಸಿಟ್ಟು ಬಂದಾಗ ಮಾತ್ರ ಮರಾಠಿ ಹೊರಬೀಳುತ್ತಿತ್ತು. ಅವರು ಬೆಂಕಿಪೊಟ್ಟಣದಿಂದ ಕಾಡತೂಸು ತೆಗೆದು ವೈನಿಯ ಅಂಗೈಗೆ ಹಾಕಿದರು. ಬೆರಳುದ್ದದ ಹಿತ್ತಾಳೆ ಕೊಳವೆ, ಒಳಗೆ ಟೊಳ್ಳು. ವೈನಿ ಅದನ್ನು ತಿರುಗಿಸಿ ತಳ ನೋಡಿದಳು. ನಡುವೆ ಮೊಳೆಯ ಮೊನೆಯಿಂದ ಕುಟ್ಟಿದಂಥ ಸಣ್ಣ ತಗ್ಗು. ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ಇಣುಕಿದಳು. ಒಳಗೆ ಹತ್ತಿಯ ಎಳೆಯಂಥದು ಏನೋ ಬೆಳ್ಳಗೆ ಅಂಟಿಕೊಂಡಿತ್ತು.

"ಇದನ್ನ ಹಿಂಗೇ ಇಡ್ರಿ ಸಾಹೇಬ್ರ. ಒಳಗ ಕಡ್ಡಿ ಹಾಕಬ್ಯಾಡ್ರಿ."

"ನಾನು ಯಾಕೆ ಕಡ್ಡಿ ಹಾಕಲಿ?" ಎಂದರು ಫೌಜದಾರರು. ಅವರ ಬೆರಳಿನಲ್ಲಿ ಕಡ್ಡಿ ಇತ್ತು.

ಚಾಂದಮಾರಿಯಲ್ಲಿ ಕೆಲಸ ನಿಂತುಹೋಗಿತ್ತು. ಹೆಂಗಸರು ಜರಡಿಗಳನ್ನು ತಲೆಯ ಮೇಲೆ ಬಿಸಿಲಿಗೆ ಹಿಡಿದು ಸುಮ್ಮನೆ ಕುಳಿತಿದ್ದರು. ಒಂದು ತುದಿಗೆ ದಿಬ್ಬ, ಅದರ ಬುಡದಲ್ಲಿ ಸೀಸ ತೊಳೆಯುವ ನೀರಿನ ತೊಟ್ಟಿ, ಆ ಕಡೆಯವರ ಮಾತಿನಲ್ಲಿ ಹೌದು. ಬಯಲಿನ ಆಚೆ ತುದಿಗೆ, ಕೂಗಿದರೆ ಅರ್ಧ ಮಾತು ಮಾತ್ರ ಕೇಳಿಸುವಷ್ಟು ದೂರ, ಸಿಪಾಯಿಗಳು ಮಲಗುತ್ತಿದ್ದ ಕಟ್ಟೆ. ಅದರ ಪಕ್ಕದಲ್ಲಿ ಚೀಲಗಳನ್ನು ಕೂಡಿಡುವ ಕೋಠಿ ಮತ್ತು ಭಟ್ಟಿ. ಕಟ್ಟೆಯ ಸುತ್ತ ಹುಲ್ಲಿನಲ್ಲಿ ನಾನು ಸುಮ್ಮನೆ ಕಾಲಾಡಿಸಿದರೆ ಹಸಿರುಗಟ್ಟಿದ ಎರಡು ಹಿತ್ತಾಳೆ ಕೊಳವೆ ಕಾಲಿಗೆ ಸಿಕ್ಕವು. ವೈನಿಗೆ ಕೊಟ್ಟೆ. ಅವಳು ಹುಲ್ಲಿಗೇ ವಾಪಸು ಎಸೆದಳು.

ಕೂಲಿಯವರ ಮೇಲ್ವಿಚಾರಣೆಯ ಮುಕಾದಮ ಸಾತಲಿಂಗಪ್ಪ ಸೊಂಟದಲ್ಲಿ ಕೋಠಿಯ ಕೀಲಿ ಸಿಕ್ಕಿಸಿಕೊಂಡು ಬಂದ. ತೆಳ್ಳನೆಯ, ಸದಾ ಗೊಣಗುವ ಮನುಷ್ಯ.

"ಕೆಲಸ ಹ್ಯಾಂಗ ಮಾಡ್ತೀರಿ, ನನಗೊಮ್ಮಿ ತೋರಸ್ರಿ," ಎಂದಳು ವೈನಿ.

ಗುರುಬಾಯಿ ಸೆರಗು ಕಟ್ಟಿದಳು. ದಿಬ್ಬದ ಮಣ್ಣು ಜರಡಿಗೆ ಬಿತ್ತು, ಮಣ್ಣು ಕೆಳಗಿಳಿಯಿತು. ಉಳಿದದ್ದರಲ್ಲಿ ಬೇರು, ಕಲ್ಲು, ತಾಮ್ರದ ಸಿಪ್ಪೆಗಳನ್ನು ಹೆಂಗಸರು ಜೋಳ ಹಸನು ಮಾಡುವ ಹಾಗೆ ಬೆರಳಲ್ಲೇ ಆರಿಸಿ ಎಸೆದರು. ಆಮೇಲೆ ಹೌದಿನಲ್ಲಿ ತೊಳೆಯುವುದು, ಆಮೇಲೆ ಹಾಸುಗಲ್ಲಿನ ಮೇಲೆ ಬಿಸಿಲಿಗೆ ಹರವುವುದು. ಮೊದಲೇ ಒಣಗಿಸಿಟ್ಟ ಒಂದಿಷ್ಟು ಸೀಸ ಅಲ್ಲಿತ್ತು. ಅದನ್ನು ತುಂಬಿ ತೋರಿಸಲು ಸಾತಲಿಂಗಪ್ಪ ಖಾಲಿ ಚೀಲದ ಬಾಯಿ ಅಗಲಿಸಿ ಹಿಡಿದ. ಸೋಮವ್ವ ಎಂಬ ಮುದುಕಿ ಸೊಂಟದ ಸಂಚಿಗೆ ಕೈಹಾಕುತ್ತಲೇ ಅವನು ಮುಖ ಪಕ್ಕಕ್ಕೆ ತಿರುವಿದ. ಅವಳು ಚೀಲದೊಳಗೆ ಒಂದು ಚಿಟಿಕೆ ಎಸೆದಳು. ಆದರೂ ಅವನು ಸೀನಿದ.

"ದೇವರು ಇವರದು, ನೆಗಡಿ ನನ್ನದು," ಎಂದ.

"ಭಂಡಾರ ಮೂಗಿಗಿ ಹೋಗ್ಯದಂದ್ರ ಪುಣ್ಯ ಬಂತಂತ ತಿಳಕೋ," ಎಂದಳು ಸೋಮವ್ವ.

ಚೀಲ ತುಂಬಿತು. ಗುರುಬಾಯಿ ಮೇಲೆ ಇನ್ನೊಂದು ಚಿಟಿಕೆ ಹಾಕಿ ಅಂಗೈಯಿಂದ ಅಲ್ಲಾಡಿಸಿದಳು. ಅರಿಷಿಣ ಗುಂಡುಗಳ ನಡುವೆ ಜಾರಿಹೋಯಿತು. "ಹಿಂಗ ಉದುರಬೇಕ್ರಿ. ಹತ್ಕೊಂಡ್ರ ಇನ್ನೂ ಹಸಿ ಅದ ಅಂತ ಅರ್ಥ. ಮತ್ತ ಬಿಸಲಿಗಿ ಹಾಕ್ತೀವಿ. ನಮ್ಮ ತಮ್ಮನ ಕಟ್ಟಪ್ಪಣಿ."

ಚೀಲಗಳನ್ನು ಬಯಲು ದಾಟಿಸಿ ಕೋಠಿಗೆ ಮುಟ್ಟಿಸುತ್ತಿದ್ದವನು ಗುರುಬಾಯಿಯ ಮೈದುನ ಬೀರಣ್ಣ, ಅವನದೇ ಎತ್ತಿನ ಗಾಡಿಯಲ್ಲಿ. ಕೋಠಿಗೆ ಎರಡು ಕೀಲಿ. ಒಂದು ಸಾತಲಿಂಗಪ್ಪನ ಸೊಂಟದಲ್ಲಿ, ಇನ್ನೊಂದು ಮಾಲಕನ ಜೇಬಿನಲ್ಲಿ.

"ಸೀಸ ಸಿಡಿಯೋ ಮೊದಲಿನ ದಿನ ಇಲ್ಲಿ ಯಾರ್ಯಾರು ಇದ್ರು?" ವೈನಿ ಕೇಳಿದಳು.

"ನಾ ಇದ್ದೆ, ಬೀರಣ್ಣ ಇದ್ದ, ಮಾಲಕರು ಇದ್ರು," ಎಂದ ಸಾತಲಿಂಗಪ್ಪ. "ಅವರಿಗಿ ಅಂದು ಎತ್ತಿನ ಮ್ಯಾಲ ದಯಾ ಬಂದಿತ್ತು. ವಳಸಂಗದಿಂದ ಹೊಲದ ಆಳಿನ ಕೈಲೆ ಗಾಡಿ ತುಂಬ ಮೇವು, ಜೋಳದ ಕಣಿಕಿ, ತರಿಸಿದ್ರು. ರಾತ್ರಿ ಕೋಠಿಯಾಗೇ ಉಳಕೊಂಡ್ರು. ಮರುದಿನ ನಸುಕಿನಾಗ ಕಣಿಕಿಗಿ ಬೂಸ್ಟು ಹಿಡದದ ಅಂತ ಗಾಡಿ ತಿರುಗಿ ಕಳಿಸಿದ್ರು."

"ನನ್ನ ಎತ್ತು ಒಂದು ಎಳಿ ಮೂಸಿಲ್ರಿ," ಎಂದ ಬೀರಣ್ಣ, ಎತ್ತಿನ ಪರವಾಗಿ ನೊಂದುಕೊಂಡು.

ಅಷ್ಟರಲ್ಲಿ ಮಲಕಾಜಪ್ಪನೇ ಬಂದ. ಬಿಳಿ ಧೋತರ, ಕರಿ ಟೋಪಿ, ಕೊಡೆ. ಕೊಡೆ ಹಿಡಿದವನು ಬೇರೊಬ್ಬ.

"ಉಮಕ್ಕಾ, ನೀವು ಈ ಬಿಸಲಾಗ ಯಾಕ ಬಂದ್ರಿ? ಈ ಹೆಂಗಸು ಒಂದು ಹೆಬ್ಬೆಟ್ಟು ಒತ್ತಿದ್ರ ಮುಗೀತು. ನಾ ಜಾಮೀನು ಕೊಟ್ಟು ಬಿಡಸ್ತೀನಿ. ನನಗೂ ಲುಕ್ಸಾನ ಆಗ್ಯದ. ಇದರಾಗ ಅರ್ಧ ನಂದು, ಅರ್ಧ ನನ್ನ ಪಾಲುದಾರಂದು. ಕರಗಿಸಿದ ಮ್ಯಾಲ ಎಷ್ಟು ಉಳೀತದೋ ಅಷ್ಟು ಹಂಚಿಕೊಳ್ಳೋದು."

"ಕೋಠಿ ತೋರಿಸ್ತೀರಿ?"

ಅವನೇ ಬೀಗ ತೆಗೆದ. ಒಳಗೆ ಗೋಡೆಗೆ ಒರಗಿಸಿ ಕೆಲವು ಚೀಲಗಳಿದ್ದವು. ವೈನಿ ಮುಂದಿನದರ ಹೊಲಿಗೆ ಬಿಡಿಸಿ ಕೈಯಿಟ್ಟಳು. ಮೇಲೆ ಹಸನಾದ ಸೀಸ, ಅದರ ಮೇಲೆ ಭಂಡಾರ. ಅವಳು ಉಗುರಿನಿಂದ ಕೆರೆದಳು. ಅರಿಷಿಣ ಹಪ್ಪಳದ ಚೂರಿನ ಹಾಗೆ ಎದ್ದು ಬಂತು.

"ನೋಡ್ರಿ," ಎಂದ ಮಲಕಾಜಪ್ಪ ಬೇಸರದಿಂದ. "ಮ್ಯಾಲ ದೇವರ ಭಂಡಾರ, ಒಳಗ ಕಾಡತೂಸು."

ಗುರುಬಾಯಿ ಬಾಗಿಲಲ್ಲೇ ನಿಂತಿದ್ದಳು. "ಮಾಲಕರ, ನನಗೇನರೆ ಅನ್ರಿ. ದೇವರ ಸುದ್ದಿ ಬಿಡ್ರಿ. ಅವನು ನನ್ನಷ್ಟು ಸಮಾಧಾನದವನಲ್ಲ."

ವೈನಿ ಕೈ ಒರೆಸಿಕೊಂಡು, ಚೌಕಿಯಿಂದ ಪೊಲೀಸನನ್ನು ಕರೆಸಿ ಕೋಠಿಗೆ ಮೊಹರು ಹಾಕಿಸಿದಳು. ಎರಡೂ ಕೀಲಿಗಳನ್ನು ಅವನಿಗೇ ಕೊಡಿಸಿದಳು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದಳು.

"ಶಾಂತಪ್ಪ, ವಳಸಂಗಕ್ಕ ಹೋಗು. ಕಣಿಕಿ ಖರೀದಿ ಮಾಡ್ಕೊಂಡು ಬಾ."

"ನಮ್ಮಲ್ಲಿ ದನ ಇಲ್ಲಲ್ಲ ವೈನಿ."

"ಅದಕ್ಕ ನಿನ್ನ ಕಳಸ್ತೀನಿ. ಇಲ್ಲದ ದನದ ಬಗ್ಗೆ ನಿನ್ನಂಗ ಯಾರು ಮಾತಾಡ್ತಾರ?"

ನಾನು ವಳಸಂಗದಲ್ಲಿ, ಪಂಢರಪುರದ ಜಾತ್ರೆಯಲ್ಲಿ ಪದಕ ಗೆದ್ದ ನನ್ನ ಜೋಡೆತ್ತುಗಳ ಬಗ್ಗೆ ಮಾತಾಡಿದೆ. ಅವು ಬೂಸ್ಟು ಹಿಡಿದ ಕಣಿಕಿಯನ್ನು ಮಾತ್ರ ತಿನ್ನುತ್ತವೆ, ಒಳ್ಳೆಯದು ಕೊಟ್ಟರೆ ಮುನಿಸಿಕೊಳ್ಳುತ್ತವೆ ಎಂದೆ. ಮಲಕಾಜಪ್ಪನ ಹೊಲದ ಆಳು ಕನಿಕರದಿಂದ ನನ್ನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದ. ಅಲ್ಲಿ ಕಂಡದ್ದನ್ನು ಮುಂದೆ ಹೇಳುತ್ತೇನೆ. ಕಣಿಕೆಗೆ ಬೂಸ್ಟು ಹಿಡಿದಿರಲಿಲ್ಲ ಎಂದಷ್ಟು ಈಗ ಹೇಳಬಹುದು.

ಸೋಮವಾರ ಬೆಳಿಗ್ಗೆ ವೈನಿ ಎಲ್ಲರನ್ನೂ ಚಾಂದಮಾರಿಯಲ್ಲೇ ಸೇರಿಸಿದಳು. ಫೌಜದಾರರು ಹೆಬ್ಬೆಟ್ಟಿನ ಕಾಗದ, ಮಸಿಯ ಡಬ್ಬಿ ತಂದಿದ್ದರು. ಅಮೋಗಸಿದ್ಧ ದವಾಖಾನೆಯಲ್ಲಿ ಜಗಳಾಡಿ ಬೀರಣ್ಣನ ಗಾಡಿಯಲ್ಲಿ ಬಂದು ಕುಳಿತಿದ್ದ. ಮಲಕಾಜಪ್ಪನಿಗೆ ಒಂದು ಕುರ್ಚಿ ಸಿಕ್ಕಿತ್ತು. ಗುರುಬಾಯಿ ನಿಂತೇ ಇದ್ದಳು. ಕೂಡು ಎಂದರೆ ಕೂಡಲಿಲ್ಲ.

"ಬಾಯಿ, ನನಗೆ ಕೋರ್ಟಿಗೆ ಹೋಗುವುದಿದೆ," ಎಂದರು ಫೌಜದಾರರು. "ಹೆಬ್ಬೆಟ್ಟು ಒತ್ತಿಸುತ್ತೀರೋ ಇಲ್ಲವೋ?"

"ಇಲ್ಲ," ಎಂದಳು ವೈನಿ. "ನಾನೂ ಒತ್ತಸಂಗಿಲ್ಲ, ಆಕಿನೂ ಒತ್ತಂಗಿಲ್ಲ. ನಿಮಗ ಬೇಡಿ ಹಾಕಬೇಕು ಅನ್ನಸಿದ್ರ ನನ್ನ ಕೈಗೂ ಅಳತಿ ನೋಡ್ರಿ. ಮೊದಲು ನಿಮ್ಮ ಕಾಡತೂಸು ತೆಗೀರಿ."

ಫೌಜದಾರರು ಬೆಂಕಿಪೊಟ್ಟಣ ತೆರೆದರು.

"ಬಂದೂಕು ಹೊಡದಾಗ ಗುಂಡು ದಿಬ್ಬಕ್ಕ ಹೋಗ್ತದ. ಈ ಕೊಳವಿ ಎಲ್ಲಿ ಬೀಳ್ತದ?"

"ಹೊಡೆದವನ ಹತ್ತಿರ."

"ಅಂದ್ರ ಆ ಕಟ್ಟಿ ಹತ್ತಿರ. ಹುಲ್ಲಿನಾಗ ಇನ್ನೂ ಬೇಕಾದಷ್ಟು ಬಿದ್ದಾವ. ಈ ಹೆಂಗಸರು ಆರಸೋದು ದಿಬ್ಬದ ಮಣ್ಣು. ದಿಬ್ಬದಾಗ ಇಲ್ಲದ್ದು ಇವರ ಚೀಲದಾಗ ಹ್ಯಾಂಗ ಬರ್ತದ? ಇರಲಿ. ಇದರ ತಳ ನೋಡ್ರಿ. ತಗ್ಗು ಅದ. ಬಂದೂಕಿನ ಮೊಳಿ ಕುಟ್ಟಿದ ಗುರ್ತು. ಅಂದ್ರ ಇದು ಸಂಸ್ಥಾನದ ಕಾಲಕ್ಕೇ ಹಾರಿ ಮುಗದದ. ಒಮ್ಮಿ ಹಾರಿದ್ದು ಮತ್ತೊಮ್ಮಿ ಹಾರತದೇನು?"

ಫೌಜದಾರರು ತಳ ನೋಡಿದರು. ಆ ಗುರುತು ತಮಗೆ ಗೊತ್ತಿರಬೇಕಿತ್ತು ಎಂಬುದು ಅವರ ಕಿವಿಯ ಬಣ್ಣದಿಂದ ತಿಳಿಯಿತು.

"ಈಗ ಒಳಗ ನೋಡ್ರಿ. ಬೆಳ್ಳಗ ಕಾಣ್ತದಲ್ಲ, ಅದು ಜೇಡನ ಗೂಡು. ಕುದಿಯೋ ಸೀಸದಾಗ ಇದ್ದು, ಭಟ್ಟಿ ಬೂದಿಯಾಗ ಬಿದ್ದಿದ್ರ ಜೇಡನ ಎಳಿ ಉಳೀತಿತ್ತೇನು? ಬೂದಿ ಆರಿದ ಮ್ಯಾಲ ಯಾರೋ ಹುಲ್ಲಿನಾಗಿಂದ ಎತ್ತಿ ತಂದು ಹಾಕ್ಯಾರ."

ಹೆಂಗಸರ ಗುಂಪಿನಲ್ಲಿ ಗುಜುಗುಜು ಎದ್ದಿತು. ಮಲಕಾಜಪ್ಪ ಕುರ್ಚಿಯಲ್ಲೇ ತಿರುಗಿದ.

"ಹಂಗಾದ್ರ ಕಡಾಯಿ ಯಾಕ ಸಿಡೀತು ಉಮಕ್ಕಾ? ತಾನೇ ಬ್ಯಾಸರಾಗಿ ಸಿಡೀತೇನು?"

"ನೀರಿಗಿ ಸಿಡೀತು. ಕರಗಿದ ಸೀಸದೊಳಗ ಹಸಿ ಬಿದ್ರ ನೀರು ಒಮ್ಮಿಲೆ ಉಗಿ ಆಗಿ ಸೀಸನ್ನ ಎತ್ತಿ ಒಗೀತದ. ಅಮೋಗಸಿದ್ಧ ಮೊದಲು ಚೊಂಯ್ ಅಂದಿದ್ದು ಕೇಳ್ಯಾನ. ತಳದಾಗಿಂದು ಗಡ್ಡಿಗಟ್ಟಿ ಬಿದ್ದಿದ್ದು ನೋಡ್ಯಾನ. ಒಣ ಗುಂಡು ಗಡ್ಡಿಗಟ್ಟಂಗಿಲ್ಲ."

"ಅದಕ್ಕ," ಎಂದ ಮಲಕಾಜಪ್ಪ ಎದ್ದು ನಿಂತು. "ಹಸಿ ತುಂಬಿದಾಕಿನೂ ಇಕಿನೇ ಅಲ್ಲ? ಕಾಡತೂಸು ಅಲ್ಲಾಂದ್ರ ನೀರು. ತಮ್ಮನ ಕಣ್ಣು ಹೋಗಿದ್ದು ಇಕಿ ಕೈಯಿಂದೇ. ಸಾಹೇಬ್ರ, ಕಾಗದದಾಗ ಕಾಡತೂಸು ಅನ್ನೋದು ಹೊಡದು ಹಾಕಿ ನೀರು ಅಂತ ಬರೀರಿ."

ಫೌಜದಾರರು ನಿಜವಾಗಿಯೂ ಪೆನ್ನು ತೆಗೆದರು. ಗುರುಬಾಯಿ ವೈನಿಯ ಕಡೆ ನೋಡಲಿಲ್ಲ, ಪೆನ್ನಿನ ಕಡೆ ನೋಡಿದಳು. "ಬರಕೋರಿ," ಎಂದಳು. "ಬರಿಯೋದು ನಿಮ್ಮ ಕೈಯಾಗ ಅದ. ಒತ್ತೋದು ನನ್ನ ಕೈಯಾಗ ಅದ."

"ಪೆನ್ನು ಸ್ವಲ್ಪ ತಡೀರಿ," ಎಂದಳು ವೈನಿ. "ಚೀಲ ತುಂಬೋ ರೀತಿ ಸಾಹೇಬ್ರು ನೋಡ್ಲಿ. ಹೆಂಗಸರು ತುಂಬಿದ್ರ ಸುಳ್ಳಂತೀರಿ. ಅದಕ್ಕ ಕೋಠಿಯೊಳಗ ಕಾಲಿಟ್ಟ ಗಂಡಸರೇ ತುಂಬ್ರಿ. ಇವರು ಹ್ಯಾಂಗ ತುಂಬ್ತಾರ, ಹಂಗೇ. ಮೊದಲು ಮಾಲಕರು."

ಮಲಕಾಜಪ್ಪನಿಗೆ ಇದರಲ್ಲಿ ಹೆದರುವಂಥದ್ದೇನೂ ಕಾಣಲಿಲ್ಲ. ಖಾಲಿ ಚೀಲ ತೆಗೆದುಕೊಂಡು ಬೊಗಸೆಯಿಂದ ಸೀಸ ತುಂಬಿದ. ಸೋಮವ್ವನ ಸಂಚಿಯಿಂದ ಭಂಡಾರ ತೆಗೆದು, ಕಣ್ಣು ಮುಚ್ಚಿ, ಚೀಲದ ಬಾಯಿಗೆ ಭಕ್ತಿಯಿಂದ ಉದುರಿಸಿದ. "ಆತೇನು?" ಎಂದ.

ಹೆಂಗಸರು ಮುಖ ಮುಖ ನೋಡಿಕೊಂಡರು. ಸೋಮವ್ವ ಬಾಯಿ ತೆರೆಯುವಷ್ಟರಲ್ಲಿ ವೈನಿ ಕೈ ಅಡ್ಡ ಹಿಡಿದಳು.

ಬೀರಣ್ಣನ ಸರದಿ ಬಂತು. ಅವನು ಸೀಸ ಮುಟ್ಟುವ ಮೊದಲೇ ಖಾಲಿ ಚೀಲದ ತಳಕ್ಕೆ ಒಂದು ಚಿಟಿಕೆ ಎಸೆದ. ಆಮೇಲೆ ಸಾತಲಿಂಗಪ್ಪ. ಅವನು ಖಾಲಿ ಚೀಲದ ಬಾಯಿ ಅಗಲಿಸಿ, ಮುಖ ಆಚೆ ತಿರುವಿ, "ಹಾಕ್ರಿ ನಿಮ್ಮ ಪುಣ್ಯ, ತುಂಬಾಕ ಶುರು ಮಾಡ್ತೀನಿ," ಎಂದು ಕಾಯುತ್ತ ನಿಂತ.

"ಸಾಕು," ಎಂದಳು ವೈನಿ. "ಸಾಹೇಬ್ರ, ಮೈಲಾರನ ಒಕ್ಕಲದವ್ರು ಬರಿಗೈಲೆ ಏನೂ ತುಂಬಂಗಿಲ್ಲ. ಜೋಳ ಇರಲಿ, ಕಂಬಳಿ ಉಣ್ಣಿ ಇರಲಿ, ಸೀಸ ಇರಲಿ, ಮೊದಲ ಚಿಟಿಕಿ ಖಾಲಿ ಚೀಲದ ತಳಕ್ಕ. ಕಡೀದು ಬಾಯಿಗಿ. ಇದು ಬೀರಣ್ಣಗ ಗೊತ್ತು. ದಿನಾ ಚೀಲ ಹಿಡಿಯೋ ಸಾತಲಿಂಗಪ್ಪಗ ಗೊತ್ತು, ಆತನ ಮೂಗಿಗೂ ಗೊತ್ತು. ಹೊಲಿದ ಚೀಲ ಅಷ್ಟೇ ನೋಡಿದವ್ರಿಗಿ ಬಾಯಿ ಭಂಡಾರ ಅಷ್ಟೇ ಗೊತ್ತು. ಈಗ ಕೋಠಿ ಮೊಹರು ಒಡೀರಿ."

ಪೊಲೀಸನೂ ಬೀರಣ್ಣನೂ ಕೋಠಿಯಲ್ಲಿ ವೈನಿ ಹೊಲಿಗೆ ಬಿಡಿಸಿದ್ದ ಚೀಲವ‌ನ್ನು ತಂದು ಕಲ್ಲಿನ ಮೇಲೆ ಬೋರಲು ಹಾಕಿದರು. ಮೊದಲು ಹಸನಾದ ಸೀಸ ಗಲಗಲ ಬಿತ್ತು. ಆಮೇಲೆ ಏನೂ ಬೀಳಲಿಲ್ಲ. ಬೀರಣ್ಣ ಚೀಲ ಒದರಿದ. ಥಪ್ಪೆಂದು ಕರಿ ರಾಡಿಯ ಗಡ್ಡೆ ಬಿತ್ತು. ಹೌದಿನ ತಳದ ಕೆಸರು, ಕಲ್ಲು, ಬೇರು, ಅಲ್ಲೊಂದು ಇಲ್ಲೊಂದು ಗುಂಡು. ಒಡೆದರೆ ಒಳಗೆ ಇನ್ನೂ ಹಸಿ. ವೈನಿ ಚೀಲವನ್ನು ಒಳಮೈ ಹೊರಗೆ ಮಾಡಿ ಎಲ್ಲರಿಗೂ ತೋರಿಸಿದಳು. ತಳದಲ್ಲಿ ಅರಿಷಿಣದ ಒಂದು ಚುಕ್ಕೆಯೂ ಇರಲಿಲ್ಲ.

"ಈ ಚೀಲ ಇವರು ತುಂಬಿದ್ದಲ್ಲ. ಮ್ಯಾಲಿನ ಅರಿಷಿಣ ಹಪ್ಪಳಾಗಿತ್ತು. ಕೆಳಗಿನ ಹಸಿ ಮ್ಯಾಲ ಬಂದು ಹತ್ಕೊಂಡಿತ್ತು. ಇವರು ಹಾಕಿದ್ದು ಉದುರತದ. ಯಾರೋ ಖರೇ ಚೀಲ ಒಯ್ದು, ಅದರ ಜಾಗಾದಾಗ ರಾಡಿ ತುಂಬಿಟ್ಟಾರ. ಕೀಲಿ ಇದ್ದವ್ರು, ಕೋಠಿಯಾಗ ಉಳದವ್ರು, ತಳದ ಚಿಟಿಕಿ ಗೊತ್ತಿಲ್ಲದವ್ರು."

"ಗೊತ್ತಿಲ್ಲದ್ದು ಅಪರಾಧನಾ?" ಎಂದ ಮಲಕಾಜಪ್ಪ. ದನಿ ಸಣ್ಣದಾಗಿತ್ತು. "ನಂದೇ ಸೀಸ. ನಾನೇ ಯಾಕ ಕದೀಲಿ?"

ಫೌಜದಾರರೂ ತಲೆಯಾಡಿಸಿದರು. "ಬಾಯಿ, ಅದು ಖರೆ."

"ಅರ್ಧ ಅವರದು," ಎಂದಳು ವೈನಿ. "ಕರಗಿಸಿ ಉಳದದ್ದನ್ನ ಪಾಲುದಾರನ ಜೋಡಿ ಹಂಚಿಕೊಳ್ಳಬೇಕು. ಕರಗೋ ಮೊದಲೇ ಒಯ್ದ್ರ ಹಂಚಂಗಿಲ್ಲ. ರಾಡಿ ಕಡಾಯಿ ಮ್ಯಾಲ ತೇಲ್ತದ, ತೆಗೆದು ಒಗದು, ಹೆಂಗಸರು ಹಸನ ಮಾಡಿಲ್ಲ, ಅದಕ್ಕ ಕಡಿಮಿ ಬಂತು ಅಂತ ಪಾಲುದಾರಗ ಹೇಳೋದು. ಹಸಿ ಬಿದ್ರ ಸಿಡೀತದ ಅನ್ನೋದು ಇವರಿಗಿ ಗೊತ್ತಿರಲಿಲ್ಲ. ಭಟ್ಟಿ ಹತ್ತಿರ ಎಂದೂ ನಿಂತವ್ರಲ್ಲ. ಸಿಡದ ಮ್ಯಾಲ ಹುಲ್ಲಿನಾಗಿನ ಕಾಡತೂಸು ನೆನಪಾತು. ಶಾಂತಪ್ಪ, ಈಗ ನೀ ಹೇಳು. ಆದಷ್ಟು ಕಡಿಮಿ ಹೇಳು."

ನಾನು ಕಡಿಮೆ ಹೇಳಿದೆ. ಅದು ನನಗೆ ಸುಲಭವಾಗಿರಲಿಲ್ಲ. ಮಲಕಾಜಪ್ಪನ ಕೊಟ್ಟಿಗೆಯಲ್ಲಿ ಕಣಿಕೆಯ ಬಣವೆಯ ಅಡಿಯಲ್ಲಿ ಸೀಸದ ಚೀಲಗಳಿದ್ದವು. ನಾನು ಒಂದನ್ನು ಖಾಲಿ ಮಾಡಿ ಒಳಗು ಹೊರಗು ಮಾಡಿದ್ದೆ. ತಳದ ಹೊಲಿಗೆಯ ಸಾಲಿನ ತುಂಬ ಅರಿಷಿಣ. ಆ ಚೀಲವನ್ನು ಮಡಿಸಿ ಎದೆಯೊಳಗೆ ಇಟ್ಟುಕೊಂಡೇ ಬಂದಿದ್ದೆ. ಫೌಜದಾರರ ಕೈಗೆ ಕೊಟ್ಟೆ. ಹೊಲದ ಆಳನ್ನೂ ಕರೆತಂದಿದ್ದೆ. ಹೌದಿನ ರಾಡಿ ತುಂಬಿದ್ದು, ಚೀಲಗಳನ್ನು ಕಣಿಕೆಯ ಕೆಳಗೆ ಹೇರಿದ್ದು ತಾನೇ, ಮಾಲಕರು ಹೇಳಿದರೆಂದು ಮಾಡಿದೆ ಎಂದು ಅವನು ಒಪ್ಪಿಕೊಂಡ. ನನ್ನ ಎತ್ತುಗಳ ಆರೋಗ್ಯವನ್ನೂ ವಿಚಾರಿಸಿದ.

ಮಲಕಾಜಪ್ಪ ಕುರ್ಚಿಯ ಕೈ ಹಿಡಿದುಕೊಂಡ. "ಅಮೋಗಸಿದ್ಧನ ಕಣ್ಣು ಹೋಗ್ಲಿ ಅಂತ ನಾ ಮಾಡಿಲ್ಲ."

ಗಾಡಿಯ ಮೇಲಿಂದ ಅಮೋಗಸಿದ್ಧ ಪಟ್ಟಿ ಕಟ್ಟಿದ ಮುಖವನ್ನು ಆ ದನಿಯ ಕಡೆ ತಿರುಗಿಸಿದ. "ಅದು ಖರೆ ಇರಬಹುದು ಮಾಲಕರ. ನಮ್ಮಕ್ಕನ ಹೆಸರು ಹೋಗ್ಲಿ ಅಂತ ಮಾತ್ರ ಬೇಕಂತಲೇ ಮಾಡೀರಿ."

ಫೌಜದಾರರು ಕಾಗದವನ್ನು ಹರಿದರು. ಪೊಲೀಸನಿಗೆ ಮಲಕಾಜಪ್ಪನ ಕಡೆ ಸನ್ನೆ ಮಾಡಿದರು. ಆಮೇಲೆ ಗುರುಬಾಯಿಗೆ, ಸಾಕಷ್ಟು ಮೆಲ್ಲಗೆ, "ಜಾ ಬಾಯಿ, ಇನ್ನು ಮನೆಗೆ ಹೋಗು," ಎಂದರು.

ಅವಳು ಕದಲಲಿಲ್ಲ.

"ಹೋಗಂಗಿಲ್ರಿ."

"ಹೆ ಕಾಯ, ಇದೇನಿದು? ಬಿಟ್ಟಿದ್ದೇನಲ್ಲ. ಇನ್ನೇನು ಬೇಕು?"

"ನನ್ನ ಬಜಾರದಾಗ ನಡಿಸಿಕೊಂಡು ಒಯ್ದೀರಿ. ಎಲ್ಲರೂ ನೋಡ್ಯಾರ. ಈ ಬಯಲಿನಾಗ ಬಿಟ್ರ ಯಾರು ನೋಡ್ತಾರ, ಕುರಿ ನೋಡ್ತಾವೇನು? ಅದೇ ಹಾದಿಲೆ ತಿರುಗಿ ಕರಕೊಂಡು ನಡೀರಿ. ನೀವೇ ಮುಂದ ನಡೀರಿ, ಪೊಲೀಸಪ್ಪ ಬ್ಯಾಡ. ಇಕಿ ತಪ್ಪಿಲ್ಲ ಅಂತ ಹೇಳ್ಕೋತ ನಡೀರಿ."

"ಫೌಜದಾರ ಬಜಾರದಲ್ಲಿ ಡಂಗುರ ಸಾರಬೇಕೇ?"

"ಸಾರಬ್ಯಾಡ್ರಿ. ನಾ ಇಲ್ಲೇ ಕೂಡತೀನಿ. ನಾಗಣಸೂರಿನವ್ರೆಲ್ಲ ಕೂಡತೀವಿ. ನೀವು ಕೋರ್ಟಿಗಿ ಹೋಗಿ ಬರ್ರಿ."

ಇಷ್ಟು ಹೊತ್ತು ನಿಂತೇ ಇದ್ದವಳು ಆಗ ಕುಳಿತಳು. ಸೋಮವ್ವ ಕುಳಿತಳು. ಜರಡಿ ಕೆಳಗಿಟ್ಟು ಹೆಂಗಸರೆಲ್ಲ ಕುಳಿತರು. ವೈನಿ ಸುತ್ತ ನೋಡಿ, ಕಲ್ಲಿನ ಮೇಲಿನ ಧೂಳು ಸೆರಗಿನಿಂದ ಝಾಡಿಸಿ, ತಾನೂ ಕುಳಿತಳು. ನಾನು ಕುಳಿತುಕೊಳ್ಳುವ ಮೊದಲು ನೆರಳು ಹುಡುಕಿದೆ.

ಫೌಜದಾರರು ಟೋಪಿ ತೆಗೆದು, ಒಳಗೆ ನೋಡಿ, ಮತ್ತೆ ಹಾಕಿಕೊಂಡರು. "ಬರಂ," ಎಂದು ಒಪ್ಪಿಕೊಂಡರು. "ಚಲಾ, ನಡೆಯಿರಿ."

ಹೀಗೆ ಆ ಸೋಮವಾರ ಅಕ್ಕಲಕೋಟೆಯ ಬಜಾರದಲ್ಲಿ ಮೆರವಣಿಗೆ ಹೋಯಿತು. ಮುಂದೆ ಫೌಜದಾರರು, ಅವರ ಹಿಂದೆ ತಲೆಯೆತ್ತಿ ಗುರುಬಾಯಿ, ಅವಳ ಹಿಂದೆ ಹೆಂಗಸರು, ಕಡೆಗೆ ಅಮೋಗಸಿದ್ಧನ ಗಾಡಿ. ಮೊದಲನೆಯ ಕಿರಾಣಿ ಅಂಗಡಿಯ ಮುಂದೆ ಫೌಜದಾರರು, ಈಕೆಯ ತಪ್ಪಿಲ್ಲ, ತಪ್ಪು ಗುತ್ತಿಗೆದಾರನದು ಎಂದು ಹೇಳಿದರು. ತಮ್ಮ ಮೀಸೆಗೆ ಕೇಳಿಸುವಷ್ಟು ಹೇಳಿದರು.

ಗುರುಬಾಯಿ ನಿಂತಳು. ಅವಳು ನಿಂತದ್ದರಿಂದ ಎಲ್ಲರೂ ನಿಂತರು.

"ಸಾಹೇಬ್ರ, ಒಳಗ ತಕ್ಕಡಿ ಹಿಡದವ್ರಿಗಿ ಕೇಳಿಸಿಲ್ರಿ."

ಫೌಜದಾರರು ಗಂಟಲು ಸರಿಪಡಿಸಿಕೊಂಡು ಇನ್ನೊಮ್ಮೆ ಹೇಳಿದರು. ತಕ್ಕಡಿ ಹಿಡಿದವನು ಎದ್ದು ಬಾಗಿಲಿಗೆ ಬಂದ. ಗುರುಬಾಯಿ ಅವನ ಮುಖವನ್ನು ಸಾವಕಾಶ ನೋಡಿ, ಮುಂದೆ ನಡೆದಳು. ಬಜಾರ ಇನ್ನೂ ಉದ್ದವಿತ್ತು.